ಅನಾಮತ್ತು ಖಾತೆಯಲ್ಲೊಂದು ದೇಶ

"ಇಪ್ಪತ್ತೆಂಟು" ಎನ್ನುತ್ತ ಗುಂಡೂರಾಯರು ಫೋನನ್ನು ಜಗಲಿಯಲ್ಲಿ ಕುಳಿತಿದ್ದ ಒಬ್ಬೊಬ್ಬರ ಮೂಗಿನ ಹತ್ತಿರಕ್ಕೂ ಹಿಡಿದು ತೋರಿಸಿದರು. ಪರದೆಯ ಮೇಲಿನ ಭೂಪಟದಲ್ಲಿ ಅವರು ಕಾಲಿಟ್ಟ ದೇಶಗಳಿಗೆಲ್ಲ ಕೇಸರಿ ಬಣ್ಣ ಬಂದಿತ್ತು. ಇನ್ನೂ ಆ ಭಾಗ್ಯ ಕಾಣದ ದೇಶಗಳು ಬೂದು ಬಣ್ಣದಲ್ಲಿ ಉಳಿದಿದ್ದವು. "ಲಂಡನ್ನಿನಲ್ಲಿ ಮಗಳ ಮನೆಗೆ ಹೋದವರು ಸುಮ್ಮನೆ ಕೂರಲಿಲ್ಲ. ಸ್ಪೇನ್ ಇಪ್ಪತ್ತೇಳು, ಜಿಬ್ರಾಲ್ಟರ್ ಇಪ್ಪತ್ತೆಂಟು."

ಇಪ್ಪತ್ತೆಂಟನೆಯದು ಪರದೆಯಲ್ಲಿ ಎಲ್ಲಿಯೂ ಕಾಣಲಿಲ್ಲ. ವಿಶ್ವ ಎರಡು ಬೆರಳಿನಿಂದ ಭೂಪಟವನ್ನು ಹಿಗ್ಗಿಸಿದ, ಮತ್ತೆ ಹಿಗ್ಗಿಸಿದ. ಕೊನೆಗೆ ಸ್ಪೇನಿನ ದಕ್ಷಿಣದ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರ ಅಟ್ಲಾಂಟಿಕ್ ಸಾಗರಕ್ಕೆ ಬಾಗಿಲು ತೆರೆಯುವ ಜಾಗದಲ್ಲಿ, ಕೇಸರಿಯ ಒಂದು ಚುಕ್ಕೆ ಕಾಣಿಸಿತು.

"ದೊಡ್ಡಪ್ಪ, ಇದು ದೇಶವಲ್ಲ. ಬ್ರಿಟನ್ನಿನ ಅಧೀನದಲ್ಲಿರುವ ಸಾಗರೋತ್ತರ ಪ್ರದೇಶ. ಒಟ್ಟು ವಿಸ್ತೀರ್ಣವೇ 6.8 ಚದರ ಕಿಲೋಮೀಟರ್."

"ಆ್ಯಪ್ ಒಪ್ಪಿಕೊಂಡಿದೆಯಪ್ಪ" ಎಂದರು ಗುಂಡೂರಾಯರು.

"ರಾಯರೇ, ನೀವು ಒತ್ತಿದ್ದನ್ನೆಲ್ಲ ಒಪ್ಪಿಕೊಳ್ಳುವುದಕ್ಕಾಗಿಯೇ ಅದು ಹುಟ್ಟಿದೆ" ಎಂದು ಶಾಮಣ್ಣನವರು ಕೋಡುಬಳೆಯೊಂದನ್ನು ಮುರಿದರು. "ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವರು ನೀವು. ಗಿರಾಕಿಯೊಬ್ಬ ತನ್ನ ಪಾಸ್‌ಬುಕ್ಕಿನಲ್ಲಿ ತಾನೇ ಪೆನ್ಸಿಲ್ಲಿನಿಂದ ಜಮೆ ಬರೆದುಕೊಂಡು ಬಂದು ನಿಮ್ಮ ಮುಂದೆ ನಿಂತಿದ್ದರೆ ದುಡ್ಡು ಎಣಿಸಿ ಕೊಡುತ್ತಿದ್ದಿರೇನು? ಮೊದಲೆಲ್ಲ ಊರು ನೋಡಿ ಬಂದವರು ಅಲ್ಲಿನ ಮಳೆ ಹೇಗೆ, ಊಟ ಹೇಗೆ, ಜನ ಹೇಗೆ ಎಂದು ಹೇಳುತ್ತಿದ್ದರು; ಕೇಳುವವರಿಗೆ ಬೇಸರವಾಗುತ್ತಿತ್ತು ನಿಜ, ಆದರೆ ಊರೊಂದು ಇದೆ ಎಂಬುದಾದರೂ ತಿಳಿಯುತ್ತಿತ್ತು. ಈಗಿನವರು ಅಂಕಿ ಹೇಳುತ್ತಾರೆ. ನಮ್ಮ ಎದುರುಮನೆಯವರದು ಮೂವತ್ತೊಂದಂತೆ. ಅದರಲ್ಲಿ ನಾಲ್ಕನ್ನು ಅವರು ವಿಮಾನ ಬದಲಿಸುವಾಗ ಗಾಜಿನ ಆಚೆಗೆ ನೋಡಿದ್ದಾರೆ."

"ಆ ಮೂವತ್ತೊಂದೇ ಇವರ ನಿದ್ದೆ ಕೆಡಿಸಿರುವುದು" ಎಂದು ಪದ್ದಮ್ಮನವರು ಒಳಗಿನಿಂದ ಕಾಫಿ ತರುತ್ತ ಹೇಳಿದರು.

ಶಾಸ್ತ್ರಿಗಳಿಗೆ ವಾದದ ವಾಸನೆ ಬಡಿಯಿತು. ಶಲ್ಯ ಸರಿಪಡಿಸಿಕೊಂಡು, "ವಿಷಯವನ್ನು ಹೀಗೆ ಬಿಡಬಾರದು. ಜಿಬ್ರಾಲ್ಟರ್ ದೇಶ ಎಂಬುದು ಪೂರ್ವಪಕ್ಷ. ರಾಯರು ಅದನ್ನು ಸಮರ್ಥಿಸಲಿ. ಕೊನೆಯಲ್ಲಿ ಇಪ್ಪತ್ತೇಳೋ ಇಪ್ಪತ್ತೆಂಟೋ ನಾನು ಹೇಳುತ್ತೇನೆ" ಎಂದರು.

ಗುಂಡೂರಾಯರು ಬೆರಳು ಮಡಿಸತೊಡಗಿದರು. ಧ್ವಜವಿದೆ: ಮೇಲೆ ಬಿಳಿ, ಕೆಳಗೆ ಕೆಂಪು, ನಡುವೆ ಮೂರು ಗೋಪುರಗಳ ಕೋಟೆ, ಕೋಟೆಯ ಬಾಗಿಲಿನಿಂದ ಇಳಿಬಿದ್ದ ಚಿನ್ನದ ಬಣ್ಣದ ಕೀಲಿ. ಸ್ವಂತ ಅಂಚೆಚೀಟಿಯಿದೆ. ಸ್ವಂತ ಸಂಸತ್ತಿದೆ, ಮುಖ್ಯಮಂತ್ರಿಯಿದ್ದಾರೆ. ಫುಟ್‌ಬಾಲ್ ತಂಡವೂ ಇದೆ. 2013ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟ ಅದನ್ನು ಸೇರಿಸಿಕೊಂಡಿತು, 2016ರಲ್ಲಿ ಫಿಫಾ ಸೇರಿಸಿಕೊಂಡಿತು.

"2023ರಲ್ಲಿ ಫ್ರಾನ್ಸ್ ಅದಕ್ಕೆ ಹದಿನಾಲ್ಕು ಗೋಲು ಹೊಡೆಯಿತು, ಇವರದು ಸೊನ್ನೆ" ಎಂದ ವಿಶ್ವ.

"ಅದು ರಾಯರ ವಾದಕ್ಕೆ ಬಲ ಕೊಡುವ ಸಂಗತಿ" ಎಂದರು ಶಾಮಣ್ಣನವರು. "ಹದಿನಾಲ್ಕು ಗೋಲಿನಿಂದ ಸೋಲಬೇಕಾದರೂ ಸ್ವಂತ ತಂಡವೊಂದು ಬೇಕಲ್ಲ! ಬೇರೆಯವರ ತಂಡದ ಹೆಸರಿನಲ್ಲಿ ಯಾರು ಅಷ್ಟು ಧೈರ್ಯವಾಗಿ ಸೋಲುತ್ತಾರೆ?"

ಗುಂಡೂರಾಯರು ಉತ್ಸಾಹಗೊಂಡು ಪಾಕೀಟಿನಿಂದ ಐದು ಪೌಂಡಿನ ನೋಟೊಂದನ್ನು ತೆಗೆದರು. ಒಂದು ಬದಿಯಲ್ಲಿ ಎಲಿಜಬೆತ್ ರಾಣಿ, ಇನ್ನೊಂದು ಬದಿಯಲ್ಲಿ ಅಲ್ಲಿ ಮೂರ್ ಎಂಬ ಮುಸ್ಲಿಮರು ಕಟ್ಟಿದ ಕೋಟೆ. ಮೇಲೆ ಜಿಬ್ರಾಲ್ಟರ್ ಸರ್ಕಾರದ ಹೆಸರು. ನೋಟು ನಾಲ್ಕಾಗಿ ಮಡಿಸಿ ಮಡಿಸಿ ನಡುವೆ ಬೆಳ್ಳಗಾಗಿತ್ತು. "ಸ್ವಂತ ನಾಣ್ಯ! ಇದಕ್ಕಿಂತ ಬೇರೆ ಲಕ್ಷಣ ಬೇಕೇ?"

"ಅದು ಏಕೆ ಇನ್ನೂ ಇವರ ಪಾಕೀಟಿನಲ್ಲಿದೆ ಎಂದು ಕೇಳಿ" ಎಂದರು ಪದ್ದಮ್ಮ. "ಬ್ರಿಟನ್ನಿನ ನೋಟು ಅಲ್ಲಿ ನಡೆಯುತ್ತದೆ, ಅಲ್ಲಿನ ನೋಟನ್ನು ಲಂಡನ್ನಿನ ಹಾಲಿನಂಗಡಿಯವನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಬೆಲೆಯೇನೋ ಎರಡಕ್ಕೂ ಒಂದೇ ಅಂತೆ."

"ಸೊಸೆಯ ಮನೆಯಲ್ಲಿ ಅತ್ತೆಯ ಮಾತು ನಡೆಯುತ್ತದೆ, ಅತ್ತೆಯ ಮನೆಯಲ್ಲಿ ಸೊಸೆಯದು ನಡೆಯುವುದಿಲ್ಲ, ಅಧೀನವೆಂದರೆ ಅದೇ" ಎಂದು ಶಾಮಣ್ಣನವರು ನೋಟನ್ನು ಬೆಳಕಿಗೆ ಹಿಡಿದು ನೋಡಿದರು. "ಶಾಸ್ತ್ರಿಗಳೇ, ಆಡಳಿತದ ವಿಷಯವೂ ಹೀಗೆಯೇ. 2006ರ ಸಂವಿಧಾನದ ಪ್ರಕಾರ ಅವರ ಸಂಸತ್ತಿಗೆ ಹದಿನೇಳು ಜನರನ್ನು ಆರಿಸುತ್ತಾರೆ. ತೆರಿಗೆ, ಶಾಲೆ, ಆಸ್ಪತ್ರೆ, ಬಂದರು ಎಲ್ಲವೂ ಅವರ ಕೈಯಲ್ಲಿ. ರಕ್ಷಣೆ, ವಿದೇಶ ವ್ಯವಹಾರ, ಆಂತರಿಕ ಭದ್ರತೆ ಮಾತ್ರ ಅರಸರ ಪ್ರತಿನಿಧಿಯಾದ ಗವರ್ನರರ ಪಾಲಿಗೆ. ಆ ಗವರ್ನರರು 1728ರಿಂದಲೂ ವಾಸವಾಗಿರುವುದು ಹಿಂದೆ ಫ್ರಾನ್ಸಿಸ್ಕನ್ ಸಂನ್ಯಾಸಿಗಳದಾಗಿದ್ದ ಒಂದು ಮಠದಲ್ಲಿ. ಇಡೀ ಊರು ಒಂದೇ ಕ್ಷೇತ್ರ. ಮತದಾರನೊಬ್ಬನಿಗೆ ಹತ್ತು ಮತ."

"ಹತ್ತು ಮತವೇ!" ಎಂದರು ಶಾಸ್ತ್ರಿಗಳು. ಅವರ ಧ್ವನಿಯಲ್ಲಿ ಬೆರಗಿಗಿಂತ ಆಸೆಯೇ ಹೆಚ್ಚಾಗಿತ್ತು.

"ಹೌದು, ಹತ್ತು ಜನರವರೆಗೆ ಗುರುತು ಹಾಕಬಹುದು. ಹದಿನೇಳರಲ್ಲಿ ಹತ್ತು ಗೆದ್ದರೆ ನೆಮ್ಮದಿಯ ಬಹುಮತವೆಂದು ಪಕ್ಷಗಳು ಹತ್ತು ಜನರ ಪಟ್ಟಿಯನ್ನೇ ಮುಂದಿಡುತ್ತವೆ. ಆದರೆ 2023ರಲ್ಲಿ ಮತದಾರರು ಒಂದು ಕಡೆಗೆ ಒಂಬತ್ತು, ಇನ್ನೊಂದು ಕಡೆಗೆ ಎಂಟು ಕೊಟ್ಟರು. 2011ರಿಂದ ಮುಖ್ಯಮಂತ್ರಿಯಾಗಿರುವ ಫೇಬಿಯನ್ ಪಿಕಾರ್ಡೋ ಒಂದೇ ಸ್ಥಾನದ ಅಂತರದಲ್ಲಿ ಉಳಿದುಕೊಂಡರು. ಮೂವತ್ತನಾಲ್ಕು ಸಾವಿರದಷ್ಟು ಜನರಿರುವ ಊರಿಗೆ ಗವರ್ನರ್, ಮುಖ್ಯಮಂತ್ರಿ, ಸ್ಪೀಕರ್, ಮೇಯರ್ ಎಲ್ಲರೂ ಇದ್ದಾರೆ. ಬೆಳಿಗ್ಗೆ ತರಕಾರಿ ತರಲು ಹೊರಟವನು ಸರ್ಕಾರವನ್ನು ತಪ್ಪಿಸಿಕೊಂಡು ಮನೆಗೆ ಬರುವುದು ಕಷ್ಟ."

"ಹಾಗಾದರೆ ದೇಶವಾಯಿತಲ್ಲ!" ಎಂದರು ಗುಂಡೂರಾಯರು.

"ವಿಶ್ವಸಂಸ್ಥೆಯ ಸದಸ್ಯ ದೇಶಗಳು 193, ಅದರಲ್ಲಿ ಇದಿಲ್ಲ. ಇನ್ನೂ ಸ್ವಯಮಾಡಳಿತ ಪಡೆಯದ ಪ್ರದೇಶಗಳೆಂದು ಅದೇ ಸಂಸ್ಥೆ ಹದಿನೇಳು ಹೆಸರುಗಳ ಇನ್ನೊಂದು ಪಟ್ಟಿ ಇಟ್ಟುಕೊಂಡಿದೆ, ಅದರಲ್ಲಿ ಇದಿದೆ. ಯುರೋಪಿನಿಂದ ಆ ಪಟ್ಟಿಯಲ್ಲಿರುವುದು ಇದೊಂದೇ."

"ಹದಿನೇಳು ಜನರನ್ನು ತಾವೇ ಆರಿಸಿಕೊಂಡು ಹತ್ತು ಹತ್ತು ಮತ ಹಾಕುವವರಿಗೆ ಸ್ವಯಮಾಡಳಿತವಿಲ್ಲವೆಂದರೆ ಹೇಗೆ?"

"ಅದನ್ನೇ ಅವರೂ ಪ್ರತಿ ವರ್ಷ ಅಲ್ಲಿಗೆ ಹೋಗಿ ಕೇಳಿ ಬರುತ್ತಾರೆ."

ವಿಶ್ವ ಇನ್ನೂ ಭೂಪಟ ಹಿಗ್ಗಿಸುತ್ತಲೇ ಇದ್ದ. "ದೊಡ್ಡಪ್ಪ, ನೀವು ಒಳಗೆ ಹೋದದ್ದು ಹೇಗೆ?"

"ನಡೆದುಕೊಂಡು! ಲಾ ಲೀನಿಯಾ ಎಂಬ ಸ್ಪೇನಿನ ಊರಿನವರೆಗೆ ಬಸ್ಸು. ಅಲ್ಲಿಂದ ಗಡಿ ದಾಟಿದರೆ ಮೊದಲು ಸಿಗುವುದೇ ವಿಮಾನದ ಓಡುದಾರಿ. ಜನ ಅದರ ಮೇಲೆ ಚೀಲ ಹಿಡಿದುಕೊಂಡು ನಡೆದು ಹೋಗುತ್ತಾರೆ. ವಿಮಾನ ಬರುವ ಹೊತ್ತಿಗೆ ಗೇಟು ಹಾಕಿ ನಿಲ್ಲಿಸುತ್ತಾರೆ. ಮೊದಲು ಕಾರು, ಬಸ್ಸುಗಳೂ ಅದರ ಮೇಲೆಯೇ ಹೋಗುತ್ತಿದ್ದವಂತೆ. 2023ರಲ್ಲಿ ಅವುಗಳಿಗೆ ಕೆಳಗೊಂದು ಸುರಂಗ ತೆರೆದರು. ಓಡುದಾರಿಯ ನಟ್ಟನಡುವೆ ನಿಂತು ಫೋಟೋ ತೆಗೆಸಿಕೊಂಡು ಅಲ್ಲೇ ಆ್ಯಪಿನಲ್ಲಿ ಒತ್ತಿದೆ."

ಶಾಮಣ್ಣನವರ ಕಣ್ಣು ಹೊಳೆಯಿತು. "ಅಲ್ಲೇ ಒತ್ತಿದಿರಾ? ಓಡುದಾರಿಯ ಮೇಲೆಯೇ?"

"ಏಕೆ?"

"ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1704ರಲ್ಲಿ ಸ್ಪೇನಿನ ಸಿಂಹಾಸನಕ್ಕಾಗಿ ಇಬ್ಬರು ಕಚ್ಚಾಡುತ್ತಿದ್ದರು. ಅವರಲ್ಲೊಬ್ಬನಾದ ಆಸ್ಟ್ರಿಯದ ಚಾರ್ಲ್ಸನ ಪರವಾಗಿ ಇಂಗ್ಲಿಷರ ಮತ್ತು ಡಚ್ಚರ ನೌಕಾಪಡೆ ಬಂದು ಈ ಬೆಟ್ಟವನ್ನು ಹಿಡಿಯಿತು. ಹಿಡಿದದ್ದು ಚಾರ್ಲ್ಸನ ಹೆಸರಿನಲ್ಲಿ. ಉಳಿದದ್ದು ಇಂಗ್ಲಿಷರ ಕೈಯಲ್ಲಿ. 1713ರ ಯುಟ್ರೆಕ್ಟ್ ಒಪ್ಪಂದದ ಹತ್ತನೆಯ ವಿಧಿಯಲ್ಲಿ ಸ್ಪೇನ್ ಊರನ್ನೂ ಕೋಟೆಯನ್ನೂ ಬಂದರನ್ನೂ ಬ್ರಿಟನ್ನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿತು. ಆದರೆ ರಾಯರೇ, ಬ್ಯಾಂಕಿನವರು ಹಾಕುವಂಥ ಷರತ್ತುಗಳು ಅದರಲ್ಲಿವೆ. ಬ್ರಿಟನ್ ಎಂದಾದರೂ ಅದನ್ನು ಮಾರುವುದಾದರೆ, ಕೊಡುವುದಾದರೆ ಮೊದಲು ಸ್ಪೇನನ್ನೇ ಕೇಳಬೇಕು. ಭೂಮಿಯ ಕಡೆಯಿಂದ ಮುಕ್ತವಾಗಿ ಓಡಾಟವಿರಬಾರದು. ಯೆಹೂದಿಗಳೂ ಮೂರ್ ಮುಸ್ಲಿಮರೂ ಅಲ್ಲಿ ವಾಸ ಮಾಡಬಾರದು."

"ಅಂಥ ಷರತ್ತನ್ನು ಪಾಲಿಸಿದರೇ?" ಎಂದರು ಶಾಸ್ತ್ರಿಗಳು.

"ಕಾವಲಿಗಿದ್ದ ಸೈನ್ಯಕ್ಕೆ ಊಟ ಬೇಕಲ್ಲ! ತರಕಾರಿ, ಮಾಂಸ ಬರಬೇಕಾದದ್ದು ಎದುರಿನ ಮೊರೊಕ್ಕೊದಿಂದ. ತರುವವರು ಅಲ್ಲಿನ ಯೆಹೂದಿ ವ್ಯಾಪಾರಿಗಳು. ಷರತ್ತು ಕಾಗದದಲ್ಲಿ ಉಳಿಯಿತು, ವ್ಯಾಪಾರಿಗಳು ಊರಿನಲ್ಲಿ ಉಳಿದರು. ಈಗ ಮುಖ್ಯ ವಿಷಯಕ್ಕೆ ಬನ್ನಿ. ಬೆಟ್ಟಕ್ಕೂ ಸ್ಪೇನಿಗೂ ನಡುವೆ ಮರಳಿನ ಒಂದು ಚಪ್ಪಟೆ ಭೂಸಂಧಿ ಇದೆ. ಒಪ್ಪಂದದಲ್ಲಿ ಅದರ ಮಾತೇ ಇಲ್ಲ, ಅದನ್ನು ನಾವು ಕೊಟ್ಟೇ ಇಲ್ಲ ಎಂಬುದು ಸ್ಪೇನಿನ ವಾದ. ಬಹಳ ಕಾಲದಿಂದ ನಮ್ಮ ಸ್ವಾಧೀನದಲ್ಲಿದೆ, ಆದ್ದರಿಂದ ನಮ್ಮದು ಎಂಬುದು ಬ್ರಿಟನ್ನಿನ ವಾದ. ವಿಮಾನ ನಿಲ್ದಾಣವಿರುವುದು ಆ ಭೂಸಂಧಿಯ ಮೇಲೆ. ಸ್ಪೇನಿನವರನ್ನು ಕೇಳಿದರೆ ನೀವು ಇಪ್ಪತ್ತೇಳನೆಯ ದೇಶದಲ್ಲಿಯೇ ನಿಂತು ಇಪ್ಪತ್ತೆಂಟನ್ನು ಒತ್ತಿದ್ದೀರಿ."

ಗುಂಡೂರಾಯರು ಕಾಫಿಯ ಲೋಟವನ್ನು ಕೆಳಗಿಟ್ಟರು.

"ಆಮೇಲೆ ನಾವು ಒಳಗೆ ಹೋದೆವಲ್ಲ" ಎಂದರು ಸ್ವಲ್ಪ ಹೊತ್ತಾದ ಮೇಲೆ. "ಊರೊಳಗೆ ಹೋದೆವು. ಕೇಬಲ್ ಕಾರಿನಲ್ಲಿ ಬೆಟ್ಟದ ತುದಿಗೆ ಹೋದೆವು. ಸುಣ್ಣದ ಕಲ್ಲಿನ ಬೆಟ್ಟ, 426 ಮೀಟರು. ಮೇಲೆ ನಿಂತರೆ ಒಂದು ಕಡೆ ಸ್ಪೇನ್, ಜಲಸಂಧಿಯ ಆಚೆ ಆಫ್ರಿಕಾ."

"ಆಫ್ರಿಕಾ ಕಂಡಿತೇ?"

"ಕಾಣಬೇಕಾಗಿತ್ತು. ಮೋಡ."

"ಅದು ಲೆವಾಂಟರ್" ಎಂದರು ಶಾಮಣ್ಣನವರು. "ಮೂಡಣದಿಂದ ತೇವದ ಗಾಳಿ ಬೀಸಿದರೆ ಕಡಿದಾದ ಬೆಟ್ಟಕ್ಕೆ ಬಡಿದು ಮೇಲೇರಿ, ತುದಿಯಲ್ಲಿ ಮೋಡವಾಗಿ ನಿಲ್ಲುತ್ತದೆ. ಆಚೀಚೆ ಬಿಸಿಲು ಹೊಡೆಯುತ್ತಿದ್ದರೂ ಕೆಳಗಿರುವ ಊರಿಗೆ ಮಾತ್ರ ಮಬ್ಬು. ಮೋಡ ಸದಾ ತಲೆಯ ಮೇಲೆ, ಕುಡಿಯುವ ನೀರು ಮಾತ್ರ ಎಲ್ಲಿಯೂ ಇಲ್ಲ. ನದಿಯಿಲ್ಲ, ಕೆರೆಯಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಟ್ಟದ ಪೂರ್ವದ ಮರಳಿನ ಇಳಿಜಾರಿಗೆಲ್ಲ ತಗಡು ಹೊದಿಸಿ, ಬಿದ್ದ ಮಳೆಯನ್ನು ಬೆಟ್ಟದೊಳಗೆ ಕೊರೆದ ತೊಟ್ಟಿಗಳಿಗೆ ಇಳಿಸುತ್ತಿದ್ದರು. ಈಗ ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುತ್ತಾರೆ. ಆ ಬೆಟ್ಟದ ಹೊಟ್ಟೆಯೊಳಗೆ ಸೈನ್ಯದವರು ಕೊರೆದ ಸುರಂಗಗಳು ಸುಮಾರು 55 ಕಿಲೋಮೀಟರು. ಹೊರಗಿನ ರಸ್ತೆಗಳನ್ನೆಲ್ಲ ಸೇರಿಸಿದರೂ ಅಷ್ಟಾಗುವುದಿಲ್ಲ. ಊರಿನ ದೊಡ್ಡ ಭಾಗವನ್ನು ನೀವು ಹೊರಗಿನಿಂದ ನೋಡಿದ್ದೀರಿ ಅಷ್ಟೇ."

"ಕೋತಿ ನೋಡಿದೆವು" ಎಂದರು ಗುಂಡೂರಾಯರು ಸೋಲದೆ. "ಬಾಲವಿಲ್ಲದ ಕೋತಿಗಳು. ಯುರೋಪಿನಲ್ಲಿ ಕಾಡುಕೋತಿಗಳಿರುವುದು ಅಲ್ಲಿ ಮಾತ್ರ."

"ಇವರ ಚೀಲದಿಂದ ಚಿಪ್ಸ್ ಪೊಟ್ಟಣ ಕಿತ್ತುಕೊಂಡು, ಗೋಡೆಯ ಮೇಲೆ ಕೂತು, ಇವರನ್ನೇ ನೋಡುತ್ತ ತಿಂದಿತು" ಎಂದರು ಪದ್ದಮ್ಮ. "ಇವರು 'ಷೂ' ಎಂದರು. ಅದಕ್ಕೆ ಕನ್ನಡ ಬರಲಿಲ್ಲ."

"ಆ ಕೋತಿಗಳ ಬಗ್ಗೆ ಗೌರವವಿರಲಿ, ಪದ್ದಮ್ಮನವರೇ. ಅವು ಇರುವ ತನಕ ಬ್ರಿಟಿಷರ ಆಳ್ವಿಕೆ ಇರುತ್ತದೆ ಎಂಬುದೊಂದು ನಂಬಿಕೆ. ಎರಡನೆಯ ಮಹಾಯುದ್ಧದ ನಡುವೆ ಅವುಗಳ ಸಂಖ್ಯೆ ಬೆರಳೆಣಿಕೆಗೆ ಇಳಿದಾಗ, ಹಿಟ್ಲರನನ್ನು ಎದುರಿಸುತ್ತಿದ್ದ ಚರ್ಚಿಲ್ ಅದರ ನಡುವೆಯೇ ಬಿಡುವು ಮಾಡಿಕೊಂಡು, ಉತ್ತರ ಆಫ್ರಿಕದಿಂದ ಕೋತಿ ತರಿಸಿ ಸಂಖ್ಯೆ ಹೆಚ್ಚಿಸಿರೆಂದು ಆಜ್ಞೆ ಮಾಡಿದರು. ಕೋತಿಗಳ ಉಸ್ತುವಾರಿಗೆಂದೇ ಸೈನ್ಯದಲ್ಲಿ ಬಹಳ ಕಾಲ ಒಬ್ಬ ಅಧಿಕಾರಿಯಿದ್ದ. ಮರಿ ಹುಟ್ಟಿದರೆ ಗವರ್ನರರ ಹೆಸರನ್ನೋ ಬ್ರಿಗೇಡಿಯರರ ಹೆಸರನ್ನೋ ಇಡುತ್ತಿದ್ದರು. ರಾಯರ ಚಿಪ್ಸ್ ತಿಂದದ್ದು ಯಾವ ಬ್ರಿಗೇಡಿಯರರ ವಂಶವೋ ಯಾರು ಬಲ್ಲರು!"

"ಎಷ್ಟು ಹೊತ್ತು ಇದ್ದಿರಿ ಅಲ್ಲಿ?" ಎಂದು ಶಾಸ್ತ್ರಿಗಳು ತೀರ್ಪಿಗೆ ಬೇಕಾದ ಪ್ರಶ್ನೆಯನ್ನು ಕೇಳಿದರು.

"ಬೆಳಿಗ್ಗೆ ಹೋದೆವು. ಊಟದ ಹೊತ್ತಿಗೆ ಬಸ್ಸಿತ್ತು."

"ಅಲ್ಲಿನ ಗೊರ್ಹಾಮ್ ಗುಹೆಗಳಲ್ಲಿ ನಿಯಾಂಡರ್ತಲ್ ಮಾನವರು ಒಂದು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ವಾಸ ಮಾಡಿದರು" ಎಂದರು ಶಾಮಣ್ಣನವರು. "ಬೇರೆ ಕಡೆಗಳಲ್ಲಿ ಅವರ ಸಂತತಿ ಅಳಿದ ಮೇಲೂ ಅಲ್ಲಿ ಉಳಿದಿದ್ದರೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. 2016ರಲ್ಲಿ ಯುನೆಸ್ಕೊ ಆ ಗುಹೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಜನ ಅಷ್ಟು ಕಾಲ ಇದ್ದೂ ಎಷ್ಟು ದೇಶ ನೋಡಿದೆವೆಂದು ಗೋಡೆಯ ಮೇಲೆ ಬರೆದಿಲ್ಲ. ಗೀರಿದ್ದಾರೆ, ನೆಲದ ಬಂಡೆಯ ಮೇಲೆ ಅಡ್ಡಡ್ಡ, ಉದ್ದುದ್ದ ಗೀರುಗಳು ಸಿಕ್ಕಿವೆ."

"ಅದೇ ಲೆಕ್ಕವಿರಬಹುದಲ್ಲ!" ಎಂದರು ಗುಂಡೂರಾಯರು. ಆ ಸಲ ಗೆದ್ದದ್ದು ಅವರೇ ಎಂದು ಒಪ್ಪಿಕೊಳ್ಳಬೇಕು.

ವಿಶ್ವ ನಗುತ್ತ, "ಬೀಟಲ್ಸ್ ತಂಡದ ಹಾಡುಗಾರ ಜಾನ್ ಲೆನನ್ ಮತ್ತು ಯೋಕೊ ಓನೊ 1969ರಲ್ಲಿ ವಿಮಾನದಲ್ಲಿ ಜಿಬ್ರಾಲ್ಟರಿಗೆ ಬಂದು, ಮದುವೆಯಾಗಿ, ಅಂದೇ ವಾಪಸು ಹೋದರು. ಅವರೂ ದೊಡ್ಡಪ್ಪನಷ್ಟೇ ಅವಸರದವರು" ಎಂದ.

"ಅವರು ಬಂದದ್ದಕ್ಕೊಂದು ಮದುವೆಯನ್ನಾದರೂ ಮಾಡಿಕೊಂಡರು" ಎಂದರು ಪದ್ದಮ್ಮ.

ಶಾಸ್ತ್ರಿಗಳು ಅರ್ಧ ಅಂಕದ ಪ್ರಸ್ತಾವ ಮುಂದಿಟ್ಟರು: ಆಂತರಿಕ ವ್ಯವಹಾರ ತಮ್ಮದು, ಬಾಹ್ಯ ವ್ಯವಹಾರ ಪರರದು, ಆದ್ದರಿಂದ ಇಪ್ಪತ್ತೇಳೂವರೆ. ಗುಂಡೂರಾಯರು ಖಡಾಖಂಡಿತವಾಗಿ ನಿರಾಕರಿಸಿದರು. ಆ್ಯಪಿನಲ್ಲಿ ಅರ್ಧಕ್ಕೆ ಅವಕಾಶವಿರಲಿಲ್ಲ.

"ಅರ್ಧ ಬೇಡ" ಎಂದರು ಶಾಮಣ್ಣನವರು. "ನಿಮ್ಮಲ್ಲೇ ಇದಕ್ಕೊಂದು ವ್ಯವಸ್ಥೆಯಿತ್ತಲ್ಲ, ರಾಯರೇ! ದುಡ್ಡು ಬಂದಿದೆ, ಯಾರ ಖಾತೆಗೆಂದು ಗೊತ್ತಿಲ್ಲ. ಆಗ ಏನು ಮಾಡುತ್ತಿದ್ದಿರಿ?"

"ಅನಾಮತ್ತು ಖಾತೆಗೆ ಹಾಕುತ್ತಿದ್ದೆವು. ಇತ್ಯರ್ಥವಾದ ಮೇಲೆ ಸರಿಯಾದ ಖಾತೆಗೆ ವರ್ಗಾಯಿಸುತ್ತಿದ್ದೆವು."

"ಎಷ್ಟು ದಿನ ಇಡಬಹುದು?"

"ಬಹಳ ದಿನ ಇಡಬಾರದು. ಲೆಕ್ಕ ತಪಾಸಣೆಯವರು ಕೇಳುತ್ತಾರೆ."

"ಇಲ್ಲಿ ಮುನ್ನೂರು ವರ್ಷ ದಾಟಿದೆ. ತಪಾಸಣೆಯವರು ಪ್ರತಿ ವರ್ಷವೂ ನ್ಯೂಯಾರ್ಕಿನಲ್ಲಿ ಕೂತು ಕೇಳುತ್ತಲೇ ಇದ್ದಾರೆ. ನೀವು ಇಪ್ಪತ್ತೇಳನ್ನು ಉಳಿತಾಯ ಖಾತೆಯಲ್ಲಿಟ್ಟು, ಒಂದನ್ನು ಅನಾಮತ್ತಿನಲ್ಲಿ ತೋರಿಸಿಬಿಡಿ."

ಈ ಮಾತು ಗುಂಡೂರಾಯರಿಗೆ ಹಿಡಿಸಿತು. ನಿವೃತ್ತರಾದ ಮೇಲೆ ಆ ಶಬ್ದವನ್ನು ಅವರ ಮುಂದೆ ಇಷ್ಟು ಆದರದಿಂದ ಯಾರೂ ಆಡಿರಲಿಲ್ಲ. "ಆದರೆ ಖಾತೆದಾರರನ್ನೇ ಕೇಳಿದರೆ ಮುಗಿಯಿತಲ್ಲ? ನೀವು ಯಾರ ಕಡೆಯವರಪ್ಪ ಎಂದು?"

"ಕೇಳಿದ್ದಾರೆ. 1967ರ ಸೆಪ್ಟೆಂಬರ್ 10ರಂದು ಜನಮತಗಣನೆ ನಡೆಯಿತು. ಬ್ರಿಟನ್ನಿನ ಜೊತೆಗಿರುತ್ತೇವೆ ಎಂದವರು 12,138. ಸ್ಪೇನಿಗೆ ಹೋಗುತ್ತೇವೆ ಎಂದವರು 44."

"ನಲವತ್ತನಾಲ್ಕು ಸಾವಿರವೇ?"

"ನಲವತ್ತನಾಲ್ಕು. ಬರೀ ನಲವತ್ತನಾಲ್ಕು. ಅಷ್ಟು ಸಣ್ಣ ಊರಿನಲ್ಲಿ, ಎಲ್ಲರಿಗೂ ಎಲ್ಲರ ಮೂರು ತಲೆಮಾರು ಗೊತ್ತಿರುವಾಗ, ಆ ನಲವತ್ತನಾಲ್ವರು ಯಾರಿರಬಹುದು ಎಂಬ ಚರ್ಚೆ ಎಷ್ಟು ಸಂಜೆಗಳನ್ನು ನುಂಗಿರಬೇಕು ಯೋಚಿಸಿ! ನಮಗೆ ಅಂಥ ವಿಷಯವೊಂದು ಸಿಕ್ಕಿದ್ದರೆ ಈ ಜಗಲಿಗೆ ಇನ್ನೊಂದು ವಿಷಯ ಬೇಕಾಗುತ್ತಿರಲಿಲ್ಲ. 2002ರಲ್ಲಿ ಮತ್ತೆ ಕೇಳಿದರು: ಬ್ರಿಟನ್ನೂ ಸ್ಪೇನೂ ಸಾರ್ವಭೌಮತ್ವವನ್ನು ಹಂಚಿಕೊಳ್ಳಬಹುದೇ? ಬೇಡವೆಂದವರು 17,900, ಆಗಲಿ ಎಂದವರು 187. ಹೀಗೆ ಬ್ರಿಟನ್ನಿಗೆ ಅಂಟಿಕೊಂಡ ಜನ 2016ರಲ್ಲಿ ಯುರೋಪಿಯನ್ ಒಕ್ಕೂಟ ಬಿಡುವ ಪ್ರಶ್ನೆ ಬಂದಾಗ ನೂರಕ್ಕೆ ತೊಂಬತ್ತಾರರಂತೆ ಬಿಡುವುದು ಬೇಡವೆಂದರು. ಉಳಿದ ಬ್ರಿಟನ್ ಬಿಟ್ಟೇ ಬಿಟ್ಟಿತು. ಇವರೂ ಹಿಂದೆ ಹೋಗಬೇಕಾಯಿತು."

"ಪಾಪ" ಎಂದರು ಶಾಸ್ತ್ರಿಗಳು. "ಅಷ್ಟಕ್ಕೂ ಈ ಜನ ಯಾರು? ಇಂಗ್ಲಿಷರೇ, ಸ್ಪೇನಿನವರೇ?"

"ಜಿನೋವಾದವರು, ಮಾಲ್ಟಾದವರು, ಪೋರ್ಚುಗೀಸರು, ಸ್ಪೇನಿನವರು, ಮೊರೊಕ್ಕೊದ ಯೆಹೂದಿಗಳು, ಇಂಗ್ಲಿಷರು, ಎಲ್ಲರೂ ಬೆರೆತವರು. ಒಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಆರಂಭಿಸಿ ಸ್ಪ್ಯಾನಿಷಿನಲ್ಲಿ ಮುಗಿಸುತ್ತಾರೆ. ಸೂಯೆಜ್ ಕಾಲುವೆ ತೆರೆದ ಮೇಲೆ ಬಂದ ನಮ್ಮ ಸಿಂಧಿ ವ್ಯಾಪಾರಿಗಳೂ ಇದ್ದಾರೆ. ಹಿಂದೂಗಳು ನೂರಕ್ಕೆ ಎರಡರಷ್ಟು. ಎಂಜಿನಿಯರ್ ಲೇನ್ ಎಂಬ ಒಂದೇ ಓಣಿಯಲ್ಲಿ ಯೆಹೂದಿಗಳ ದೊಡ್ಡ ಪ್ರಾರ್ಥನಾ ಮಂದಿರವೂ ಇದೆ, ಹಿಂದೂ ದೇವಸ್ಥಾನವೂ ಇದೆ. ಆದರೆ 1704ರಲ್ಲಿ ಅಲ್ಲಿದ್ದ ಜನ ಇವರಲ್ಲ. ಆ ಸ್ಪ್ಯಾನಿಷ್ ಜನರಲ್ಲಿ ಬಹುಪಾಲು ಎಲ್ಲರೂ ಊರು ಬಿಟ್ಟು ಹೊರಟು, ಬೆಟ್ಟ ಕಾಣುವಷ್ಟು ಹತ್ತಿರದಲ್ಲಿಯೇ ಸಾನ್ ರೋಕೆ ಎಂಬ ಊರು ಕಟ್ಟಿಕೊಂಡರು. ಹೋಗುವಾಗ ಊರಿನ ಧ್ವಜವನ್ನೂ ಕಾಗದಪತ್ರಗಳನ್ನೂ ದೇವರ ವಿಗ್ರಹಗಳನ್ನೂ ತೆಗೆದುಕೊಂಡು ಹೋದರು. ಜಿಬ್ರಾಲ್ಟರ್ ವಾಸವಾಗಿರುವುದು ಇಲ್ಲಿ ಎಂದು ಸಾನ್ ರೋಕೆಯವರು ತಮ್ಮ ಊರಿನ ಬಿರುದಿನಲ್ಲಿಯೇ ಇಂದಿಗೂ ಬರೆದುಕೊಳ್ಳುತ್ತಾರೆ."

"ಹಾಗಾದರೆ ನಾನು ಅಲ್ಲಿಗೂ ಹೋಗಬೇಕಾಗಿತ್ತೇ?" ಎಂದರು ಗುಂಡೂರಾಯರು ಆತಂಕದಿಂದ.

"ಬಸ್ಸು ಅದರ ಪಕ್ಕದಲ್ಲೇ ಬಂದಿರುತ್ತದೆ. ನೀವು ಆಗ ಫೋಟೋಗಳನ್ನು ಮಗಳಿಗೆ ಕಳಿಸುತ್ತಿದ್ದಿರೇನೋ."

ಪದ್ದಮ್ಮನವರು ಅಷ್ಟರಲ್ಲಿ ಖಾಲಿ ಲೋಟಗಳನ್ನು ಒಟ್ಟು ಮಾಡಿ ಒಳಗೆ ಹೋಗದೆ ಬಾಗಿಲಿಗೆ ಒರಗಿ ನಿಂತಿದ್ದರು. "ಇವರು ಕೇಬಲ್ ಕಾರಿನ ಟಿಕೆಟ್ಟಿಗೆ ಸಾಲಿನಲ್ಲಿ ನಿಂತಿದ್ದಾಗ ನಾನು ಮುಖ್ಯ ಬೀದಿಯಲ್ಲಿ ಒಂದು ಸಿಂಧಿಯವರ ಅಂಗಡಿಗೆ ಹೋಗಿದ್ದೆ" ಎಂದರು. "ಮೇಜುಬಟ್ಟೆ ಮಾರುವ ಅಂಗಡಿ. ಒಬ್ಬರು ವಯಸ್ಸಾದ ಹೆಂಗಸು ಕುರ್ಚಿಯಲ್ಲಿ ಕೂತಿದ್ದರು. ನನ್ನ ಸೀರೆ ನೋಡಿ ಹಿಂದಿಯಲ್ಲಿ ಮಾತಾಡಿಸಿದರು. ನನ್ನ ಹಿಂದಿ ನಿಮಗೆ ಗೊತ್ತೇ ಇದೆ, ಆದರೂ ಅರ್ಥವಾಯಿತು. ಅವರು ಮದುವೆಯಾಗಿ ಹೊಸದಾಗಿ ಬಂದಿದ್ದ ಕಾಲವಂತೆ. ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ಸ್ಪೇನಿನ ಕಡೆಯಿಂದ ದಿನವೂ ನಡೆದು ಬರುತ್ತಿದ್ದಳಂತೆ. ಇವರಿಗೆ ಅಲ್ಲಿನ ಮಾತು ಕಲಿಸಿದವಳು ಅವಳೇ. ಒಂದು ದಿನ ಬರಲಿಲ್ಲವಂತೆ. ಗಡಿ ಮುಚ್ಚಿಬಿಟ್ಟಿದ್ದರು."

"1969ರ ಜೂನ್. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋನ ಕೆಲಸ" ಎಂದರು ಶಾಮಣ್ಣನವರು. ಅವರ ಧ್ವನಿಯಲ್ಲಿ ಈಗ ಕೊಂಕಿರಲಿಲ್ಲ. "ಆ ವರ್ಷವೇ ದೂರವಾಣಿ ತಂತಿಯನ್ನೂ ಕಡಿದರು, ಎದುರಿನ ಆಲ್ಜಿಸಿರಾಸ್ ಬಂದರಿನ ಹಡಗನ್ನೂ ನಿಲ್ಲಿಸಿದರು. ಈಚೆಯವರು ಆಚೆಯವರನ್ನು ಮದುವೆಯಾಗಿದ್ದರು. ಅಣ್ಣ ಆಚೆ, ತಂಗಿ ಈಚೆ. ಆಚೆಗೆ ಹೋಗಬೇಕಾದರೆ ಮೊರೊಕ್ಕೊಗೆ ಹಡಗಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ಹಡಗು ಹಿಡಿದು ಸ್ಪೇನಿಗೆ ಬರಬೇಕಾಗಿತ್ತು."

"ಅದನ್ನೇ ಹೇಳಿದರು. ಜನ ಎರಡೂ ಕಡೆಯ ಗೇಟಿನ ಹತ್ತಿರ ಬಂದು ನಿಂತು, ನಡುವೆ ಅಷ್ಟು ದೂರ ಬಿಟ್ಟುಕೊಂಡು, ಕೂಗಿ ಮಾತಾಡುತ್ತಿದ್ದರಂತೆ. ಯಾರು ಸತ್ತರು, ಯಾರಿಗೆ ಮದುವೆ, ಎಲ್ಲ ಕೂಗಿಯೇ. ಗಾಳಿಯಿದ್ದ ದಿನ ಏನೂ ಕೇಳುತ್ತಿರಲಿಲ್ಲವಂತೆ. ಇವರಿಗೆ ಮಗ ಹುಟ್ಟಿದಾಗ ಎತ್ತಿಕೊಂಡು ಹೋಗಿ ಮೇಲಕ್ಕೆ ಹಿಡಿದು ತೋರಿಸಿದರಂತೆ. ಆ ಹುಡುಗಿ ಆಚೆಯಿಂದ ಕೈ ಬೀಸಿದಳೋ, ಬೇರೆ ಯಾರೋ ಬೀಸಿದರೋ ಅಷ್ಟು ದೂರದಿಂದ ಗೊತ್ತಾಗಲಿಲ್ಲವಂತೆ."

ಗುಂಡೂರಾಯರು ಹೆಂಡತಿಯ ಮುಖ ನೋಡಿದರು. "ನೀನು ನನಗೆ ಇದನ್ನು ಹೇಳಲೇ ಇಲ್ಲವಲ್ಲ."

"ಬಸ್ಸಿನಲ್ಲಿ ಹೇಳೋಣವೆಂದಿದ್ದೆ. ನೀವು ಎಣಿಸುತ್ತಿದ್ದಿರಿ."

ಯಾರೂ ಮಾತಾಡಲಿಲ್ಲ. ನಡೆದು ಹೋಗುವವರಿಗೆ ಗಡಿ ತೆರೆದದ್ದು 1982ರ ಡಿಸೆಂಬರಿನಲ್ಲಿ, ಪೂರ್ತಿಯಾಗಿ ತೆರೆದದ್ದು 1985ರ ಫೆಬ್ರವರಿಯಲ್ಲಿ ಎಂದು ಶಾಮಣ್ಣನವರು ಹೇಳಿದರು. ಹದಿಮೂರು ವರ್ಷ ಹಾಗೆ ಕೂಗಿ ಮಾತಾಡಿದ ಮೇಲೆ ಜನ ಯಾವ ಪ್ರಶ್ನೆ ಕೇಳಿದರೂ ಸ್ಪೇನಿಗೆ ಒಲ್ಲೆವೆಂದರೆ ಅದರಲ್ಲಿ ಆಶ್ಚರ್ಯವಿಲ್ಲ; ಹತ್ತಿರಕ್ಕೆ ಎಳೆದುಕೊಳ್ಳಲೆಂದು ಹಾಕಿದ ಬೀಗ ಅವರನ್ನು ಇನ್ನಷ್ಟು ದೂರ ಮಾಡಿತು ಎಂದೂ ಸೇರಿಸಿದರು. ಅದಕ್ಕೂ ಮೊದಲು, 1940ರಲ್ಲಿ, ಬ್ರಿಟಿಷರೇ ಊರಿನ ಹೆಂಗಸರು ಮಕ್ಕಳು ಮುದುಕರನ್ನು ಹಡಗು ಹತ್ತಿಸಿ, ಊರನ್ನು ಸೈನ್ಯಕ್ಕೆ ಖಾಲಿ ಮಾಡಿಸಿದ್ದರು. ಲಂಡನ್, ಜಮೈಕಾ, ಮದೀರಾ ಎಂದು ಚದುರಿದವರಲ್ಲಿ ಕೊನೆಯವರು ಮನೆಗೆ ಮರಳಿದ್ದು 1951ರಲ್ಲಿ.

"ಅವರೂ ಬೇಕಾದಷ್ಟು ದೇಶ ನೋಡಿದರು, ಪಾಪ. ಯಾರೂ ಎಣಿಸಿಕೊಂಡಿರಲಾರರು" ಎಂದರು ಶಾಮಣ್ಣನವರು ಶ್ರಮಪಟ್ಟು ನಗುತ್ತ.

ವಿಶ್ವನಿಗೆ ಮೌನ ಸಹಿಸಲಾಗಲಿಲ್ಲ. "ಈಗ ಆ ಬೇಲಿ ಹೋಗುವ ಮಾತಾಗಿದೆ. 2025ರ ಜೂನ್ 11ರಂದು ಬ್ರಿಟನ್ನೂ ಯುರೋಪಿಯನ್ ಒಕ್ಕೂಟವೂ ಒಪ್ಪಿಕೊಂಡಿವೆ. ಗಡಿಯಲ್ಲಿ ಜನರ ತಪಾಸಣೆ ತೆಗೆಯುವುದು. ವಿಮಾನ ನಿಲ್ದಾಣದಲ್ಲಿ, ಬಂದರಿನಲ್ಲಿ ಮಾತ್ರ ಜಿಬ್ರಾಲ್ಟರಿನವರು ಒಮ್ಮೆ, ಸ್ಪೇನಿನವರು ಒಮ್ಮೆ ನೋಡುವುದು. ದಿನವೂ ಸುಮಾರು ಹದಿನೈದು ಸಾವಿರ ಜನ ಆಚೆಯಿಂದ ಕೆಲಸಕ್ಕೆ ಬರುತ್ತಾರೆ. ಸಾರ್ವಭೌಮತ್ವದ ಪ್ರಶ್ನೆಯನ್ನು ಇಬ್ಬರೂ ಇದ್ದಲ್ಲೇ ಬಿಟ್ಟಿದ್ದಾರೆ."

"ಅನಾಮತ್ತಿನಲ್ಲಿಯೇ" ಎಂದರು ಶಾಸ್ತ್ರಿಗಳು, ಆ ಶಬ್ದ ತಮಗೂ ಬಂತೆಂಬ ಸಂತೋಷದಿಂದ.

"ಗಡಿಯೇ ಇಲ್ಲದಿದ್ದರೆ ದಾಟಿದೆವೆಂದು ಹೇಳುವುದು ಹೇಗೆ?" ಎಂದು ಗುಂಡೂರಾಯರು ಚಿಂತೆಗೆ ಬಿದ್ದರು. "ಮುಂದೆ ಹೋಗುವವರಿಗೆ ಲೆಕ್ಕ ಸಿಗುವುದಿಲ್ಲ ಹಾಗಾದರೆ. ನಾವು ಸಮಯಕ್ಕೆ ಸರಿಯಾಗಿ ಹೋಗಿಬಂದೆವು. ಅಲ್ಲ ಶಾಮಣ್ಣ, ಜಿಬ್ರಾಲ್ಟರ್ ನಮ್ಮದೆಂದು ಇಷ್ಟು ಕೂಗಾಡುವ ಸ್ಪೇನಿನವರ ಬಳಿ ಇಂಥದ್ದು ಯಾವುದೂ ಇಲ್ಲವೇ?"

"ಏಕಿಲ್ಲ? ಜಲಸಂಧಿಯ ಆಚೆ ದಡದಲ್ಲಿ, ಮೊರೊಕ್ಕೊದ ಮಗ್ಗುಲಲ್ಲಿ, ಸ್ಯೂಟಾ ಇದೆ. ಹದಿನೆಂಟೂವರೆ ಚದರ ಕಿಲೋಮೀಟರು. ಶತಮಾನಗಳಿಂದ ಸ್ಪೇನಿನ ಕೈಯಲ್ಲಿದೆ. ನಮ್ಮದು ಕೊಡಿ ಎಂದು ಮೊರೊಕ್ಕೊ ಕೇಳುತ್ತದೆ. ಅದು ಬೇರೆ, ಇದು ಬೇರೆ ಎಂದು ಸ್ಪೇನ್ ಹೇಳುತ್ತದೆ. ಆಲ್ಜಿಸಿರಾಸಿನಿಂದ ಹಡಗಿನಲ್ಲಿ ಒಂದು ಗಂಟೆಯ ದಾರಿ."

ಗುಂಡೂರಾಯರು ಫೋನನ್ನು ವಿಶ್ವನ ಕೈಯಿಂದ ಕಿತ್ತುಕೊಂಡು, ಕನ್ನಡಕ ಹಣೆಗೇರಿಸಿ, ಆಫ್ರಿಕದ ಬೂದು ಅಂಚನ್ನು ಎರಡು ಬೆರಳಿನಿಂದ ಹಿಗ್ಗಿಸತೊಡಗಿದರು.

"ಒಂದು ಗಂಟೆಯೇ! ಶಾಸ್ತ್ರಿಗಳೇ, ಅಲ್ಲಿಗೆ ಹೋದರೆ ಸ್ಪೇನನ್ನು ಎರಡನೆಯ ಸಲ ಎಣಿಸುವಂತಿಲ್ಲ, ಒಪ್ಪಿದೆ. ಮೊರೊಕ್ಕೊ ಎಂದೂ ಬರೆಯುವಂತಿಲ್ಲ, ಅದನ್ನೂ ಒಪ್ಪಿದೆ. ಆದರೆ ಆಫ್ರಿಕಾ ಖಂಡವನ್ನು ಬರೆದುಕೊಳ್ಳಬಹುದಲ್ಲವೇ? ಈ ಆ್ಯಪಿನಲ್ಲಿ ಖಂಡಗಳಿಗೆ ಬೇರೆಯೇ ಕಾಲಂ ಇದೆ."

"ಈ ಸಲ ನೀವೊಬ್ಬರೇ ಹೋಗಿ" ಎಂದರು ಪದ್ದಮ್ಮ. "ನನ್ನನ್ನು ಆ ಮೇಜುಬಟ್ಟೆಯ ಅಂಗಡಿಯಲ್ಲಿ ಬಿಟ್ಟು ಹೋಗಿ."